ಒಂದೇ ಒಲೆ, ಎರಡು ಗುಡ್ಡೆ

ಜನಗಣತಿ ಚೀಟಿಯಲ್ಲಿ ವಯಸ್ಸಿನ ಪ್ರಶ್ನೆ ಕಷ್ಟ, ಧರ್ಮದ ಪ್ರಶ್ನೆ ಸುಲಭ ಅಂದುಕೊಂಡು ಹೊರಟವನು ನಾನು. ವಯಸ್ಸು ಕೇಳಿದರೆ ನಮ್ಮ ಕಡೆಯ ಮುದುಕರು, "ಕನ್ನಂಬಾಡಿ ಕಟ್ಟೆ ಕಟ್ಟೋವಾಗ ಎಮ್ಮೆ ಮೇಯಿಸ್ತಿದ್ದೆ ಕನಪ್ಪ" ಅಂದುಬಿಡುತ್ತಾರೆ. ಅಲ್ಲಿಂದ ನಾವು ಕೂಡಿ ಕಳೆದು ಒಂದು ಅಂಕಿ ಹೊರಡಿಸಬೇಕು. ಧರ್ಮಕ್ಕೇನು? ಕೇಳಿದರಾಯಿತು, ಬರೆದರಾಯಿತು. ಹಾಗಂದುಕೊಂಡೇ ತೊಂಬತ್ತೊಂದರ ಫೆಬ್ರವರಿಯಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಶ್ರೀರಂಗಪಟ್ಟಣದ ಒಂದು ಬೀದಿಗೆ ಇಳಿದೆ.

ಊರು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆ, ಕೆಲಸ ಪಟ್ಟಣದ ಸರ್ಕಾರಿ ಶಾಲೆಯಲ್ಲಿ ಸಮಾಜ ಪಾಠ ಹೇಳುವುದು. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ನಾನು ಹೇಳಬೇಕಾಗಿಲ್ಲ, ನನ್ನ ಹತ್ತಿರ ಓದಿದವರು ಯಾರಾದರೂ ಹೇಳುತ್ತಾರೆ. ಮನೆಗಳವರು ಹೇಳಿದ್ದನ್ನು ಹೆಸರಿಟ್ಟು ಹೊರಗೆ ಆಡಬಾರದು ಅಂತ ನಮಗೆ ಕಟ್ಟುನಿಟ್ಟು ಮಾಡಿದ್ದರು. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ.

ತಾಲ್ಲೂಕು ಕಚೇರಿಯಲ್ಲಿ ನಮಗೆ ತರಬೇತಿ ಕೊಟ್ಟ ಹಿರಿಯ ಅಧಿಕಾರಿ ಎರಡು ವಿಷಯವನ್ನು ಮತ್ತೆ ಮತ್ತೆ ಹೇಳಿದರು. ಒಂದು, ಕುಟುಂಬ ಅಂದರೆ ಏನು ಅಂತ. ಒಂದು ಸೂರಿನ ಕೆಳಗಿದ್ದವರೆಲ್ಲ ಒಂದು ಕುಟುಂಬ ಅಲ್ಲ, ರಕ್ತಸಂಬಂಧವೂ ಬೇಕಿಲ್ಲ. ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು ಒಂದು ಕುಟುಂಬ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ್ದರೆ ಅದು ಎರಡು. ಇನ್ನೊಂದು, ಧರ್ಮದ ಕಲಮು. "ಮುಖ ನೋಡಿ ಬರೀಬೇಡಿ, ಹೆಸರು ನೋಡಿ ಬರೀಬೇಡಿ. ಯಜಮಾನನದೇ ಎಲ್ಲರದೂ ಅಂತ ಬರೀಬೇಡಿ. ಒಬ್ಬೊಬ್ಬರನ್ನೂ ಕೇಳಿ, ಹೇಳಿದ್ದನ್ನು ಬರೀರಿ" ಅಂದರು.

ಕೆಲಸ ಹೀಗೆ. ಮನೆಗೊಂದು ದೊಡ್ಡ ಹಾಳೆ, ಅದರಲ್ಲಿ ಒಂದು ಒಲೆಯವರ ಹೆಸರುಗಳು ಒಂದರ ಕೆಳಗೊಂದು. ಅದರ ಜೊತೆಗೆ ತಲೆಗೊಂದು ಚೀಟಿ. ಆಮೇಲೆ ಚೀಟಿಗಳನ್ನೆಲ್ಲ ಕಟ್ಟುಕಟ್ಟಿ ಮೇಲಿನ ಕಚೇರಿಗೆ ಕಳಿಸುತ್ತಾರೆ. ಅಲ್ಲಿ ಧರ್ಮಕ್ಕೊಂದು, ಭಾಷೆಗೊಂದು ಅಂತ ಬೇರೆ ಮಾಡಿ ಎಣಿಸುತ್ತಾರೆ. "ಪ್ರಪಂಚದಲ್ಲಿ ಇಷ್ಟು ಜನ ಕ್ರೈಸ್ತರು, ಇಷ್ಟು ಮುಸ್ಲಿಮರು, ಇಷ್ಟು ಹಿಂದೂಗಳು ಅಂತ ಪೇಪರಿನಲ್ಲಿ ಓದ್ತೀರಲ್ಲ, ಅದೇನು ಆಕಾಶದಿಂದ ಉದುರಲ್ಲ. ನಿಮ್ಮ ಪೆನ್ನಿಂದಲೇ ಹೊರಡಬೇಕು" ಅಂದರು ಅಧಿಕಾರಿ. ನನಗೆ ಮೈ ಜುಂ ಅಂದಿತು. ವರ್ಷಾ ವರ್ಷ ಏಳನೇ ತರಗತಿಯ ಗೋಡೆಯ ಮೇಲೆ ಪ್ರಪಂಚದ ನಕ್ಷೆ ತೂಗುಹಾಕಿ, ಯಾವ ಧರ್ಮದವರು ಎಲ್ಲೆಲ್ಲಿ ಹೆಚ್ಚು ಅಂತ ಬೆತ್ತ ತೋರಿಸಿ ಬಾಯಿಪಾಠ ಮಾಡಿಸಿದವನು ನಾನು. ಆ ಲೆಕ್ಕ ಎಲ್ಲಿ ಹುಟ್ಟುತ್ತದೆ ಅಂತ ಯೋಚಿಸಿಯೇ ಇರಲಿಲ್ಲ.

ಬೀದಿಗೆ ಇಳಿದ ಮೇಲೆ ಆ ಜುಂ ಅನ್ನುವುದೆಲ್ಲ ಇಳಿದುಹೋಯಿತು. "ಧರ್ಮ ಯಾವುದು?" ಅಂದರೆ, "ನಾವು ಗೌಡ್ರು" ಅಂದವರುಂಟು. "ನಮ್ಮನೆ ದೇವ್ರು ಬೈರವ, ಬರ್ಕೊಳಿ" ಅಂದವರುಂಟು. ಒಬ್ಬ ಯಜಮಾನರಂತೂ ಒಕ್ಕಲು ಯಾವುದು, ಕುಲದ ಬಳಿ ಯಾವುದು ಅಂತ ಶುರುಮಾಡಿ ಅವರ ಮುತ್ತಾತ ದೇವರಿಗೆ ಮುಡಿ ಕೊಟ್ಟ ಕಥೆಯತನಕ ಬಂದರು. "ಅಣ್ಣಾ, ಹಿಂದೂ ಅಂತ ಬರೆಯಲಾ?" ಅಂತ ನಾನೇ ಕೇಳಿದರೆ ಅದು ತಪ್ಪು, ಅವರ ಬಾಯಿಂದಲೇ ಬರಬೇಕು. ಬೆಳಗ್ಗೆ ಶಾಲೆ, ಮಧ್ಯಾಹ್ನದ ಮೇಲೆ ಈ ಪಾರಾಯಣ. ಸಂಜೆ ಮನೆಗೆ ಹೋದರೆ ಹೆಂಡತಿ, "ಬನ್ನಿ ಯಜಮಾನ್ರೇ, ನಿಮ್ಮ ಧರ್ಮ ಯಾವ್ದು?" ಅಂತ ರೇಗಿಸುತ್ತಿದ್ದಳು.

ಬೀದಿಯ ಕೊನೆಯಲ್ಲಿ, ಕಾಲುವೆಗೆ ಒತ್ತಿಕೊಂಡ ಹಾಗೆ ಒಂದು ಹೆಂಚಿನ ಮನೆ. ಮುಂದೆ ಕುದುರೆ ಕಟ್ಟುವ ಗೂಟ, ಹುಲ್ಲಿನ ಮೆದೆ. ಯಜಮಾನರು ಜಟಕಾ ಹೊಡೆಯುವ ಮುಸಲ್ಮಾನರು. ರೈಲ್ವೆ ಸ್ಟೇಷನ್ನಿನಿಂದ ಗುಂಬಜ್, ಸಂಗಮ ಅಂತ ನೋಡಲು ಬಂದವರನ್ನು ಕೂರಿಸಿಕೊಂಡು ಹೋಗುತ್ತಿದ್ದರು. ನಾನು ಹೋದಾಗ ಅವರಿರಲಿಲ್ಲ. ಅವರ ಮನೆಯಾಕೆ, ಹಣ್ಣು ಹಣ್ಣು ಮುದುಕಿ, ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಕ್ಕಳಿಲ್ಲ. ಇಬ್ಬರೇ.

ಯಜಮಾನರ ಚೀಟಿ ಸಲೀಸಾಗಿ ಮುಗಿಯಿತು. ಅವರ ಧರ್ಮ ಕೇಳಿದ್ದಕ್ಕೆ ಮುದುಕಿ, "ಮುಸ್ಲಿಂ ಕನಪ್ಪ, ಅದೇನ್ ಕೇಳೀಯೆ" ಅಂದರು. ಆಮೇಲೆ ಆಕೆಯ ಚೀಟಿ. ಹೆಸರು ಹೇಳಿದರು, ಅದು ನಮ್ಮ ಹಳ್ಳಿಗಳ ಹಳೇ ಹೆಸರು. ಮಾತೃಭಾಷೆ ಕನ್ನಡ ಅಂದರು. ಧರ್ಮದ ಕಲಮಿಗೆ ಬಂದಾಗ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು.

"ಇದುನ್ನ ಯಾವ್ದಕ್ ಕೇಳ್ತಾವ್ರೆ ಮೇಷ್ಟ್ರೇ?"

ಮೇಷ್ಟ್ರನ್ನು ಹಾಗೆ ಕೇಳಬಾರದು. ಕೇಳಿದರೆ ಪಾಠ ಶುರು. ಮೊರದಲ್ಲಿದ್ದ ಅವರೆಕಾಳನ್ನೇ ಬೇರೆ ಬೇರೆ ಗುಡ್ಡೆ ಮಾಡಿ ತೋರಿಸಿದೆ. ಇದು ಕ್ರೈಸ್ತರದು, ಪ್ರಪಂಚದಲ್ಲಿ ಎಲ್ಲಕ್ಕಿಂತ ದೊಡ್ಡದು. ಇದು ಮುಸ್ಲಿಮರದು, ಅದರ ನಂತರದ್ದು. ಇದು ಹಿಂದೂಗಳದ್ದು, ಅದಕ್ಕಿಂತ ಚಿಕ್ಕದು. ಬೌದ್ಧರದು ಇದು. ಯಾವ ಧರ್ಮವೂ ಬೇಡ ಅನ್ನುವವರದೂ ಒಂದು ಗುಡ್ಡೆ ಇದೆ. ನೀವು ಹೇಳಿದ ಮೇಲೆ ನಿಮ್ಮ ಚೀಟಿ ಇದರಲ್ಲಿ ಯಾವುದೋ ಒಂದಕ್ಕೆ ಹೋಗಿ ಸೇರುತ್ತದೆ ಅಂದೆ. ಅವರು ಎಲ್ಲ ಗುಡ್ಡೆಗಳನ್ನೂ ಒಂದೊಂದಾಗಿ ನೋಡಿದರು.

"ಅವ್ರ ಚೀಟಿ ಇದ್ರಾಗೆ ಓಯ್ತದಾ?" ಅಂತ ಎರಡನೇ ಗುಡ್ಡೆ ಮುಟ್ಟಿದರು. ಹೌದಮ್ಮ ಅಂದೆ.

ಹಿಂದಿದ್ದ ಗೋಡೆಯಲ್ಲಿ ಕಾಬಾದ ಪಟ ಇತ್ತು. ಅದರ ಪಕ್ಕದ ಗೂಡಿನಲ್ಲಿ ಎಣ್ಣೆ ದೀಪ, ಕುಂಕುಮ ಇಟ್ಟ ಒಂದು ಕಲ್ಲು. ನಾನು ಗೋಡೆ ನೋಡಿದ್ದನ್ನು ಅವರೂ ನೋಡಿದರು. ಆಗ ಮಾತು ತಾನಾಗಿ ಬಂತು. ಅವರ ತವರು ಸಂತೆಬಾಚಹಳ್ಳಿ ಹತ್ತಿರದ ಒಂದು ಹಳ್ಳಿ. ಸಂತೆಯಲ್ಲಿ ಬದನೆಕಾಯಿ ಮಾರುತ್ತಿದ್ದ ಹುಡುಗಿ, ಬೆಲ್ಲ ತುಂಬಲು ಗಾಡಿ ಹೊಡೆದುಕೊಂಡು ಬರುತ್ತಿದ್ದ ಈ ಹುಡುಗನ ಹಿಂದೆ ಬಂದುಬಿಟ್ಟರು. ತಾಳಿಯನ್ನೂ ಕಟ್ಟಲಿಲ್ಲ, ಹುಡುಗನ ಕಡೆಯ ಶಾಸ್ತ್ರವೂ ಆಗಲಿಲ್ಲ. ತವರುಮನೆಯವರು ಆ ವರ್ಷವೇ ಮಾರ್ಲಾಮಿ ಅಮಾವಾಸ್ಯೆಯಲ್ಲಿ ಸತ್ತುಹೋದ ಹಿರಿಯರಿಗೆ ಎಡೆ ಇಡುವಾಗ ಈಕೆಗೂ ಒಂದು ಎಲೆ ಹಾಕಿ, ಸೀರೆ ಮಡಗಿ, ಎಡೆ ಇಟ್ಟುಬಿಟ್ಟರು. ಈಗಲೂ ಇಡುತ್ತಾರಂತೆ.

"ಸಂತೆಗ್ ಬರೋರು ಬಂದ್ ಏಳುದ್ರು. ನಂಗೆ ಕಜ್ಜಾಯ ಇಷ್ಟ ಅಂತ ನಮ್ಮತ್ತಿಗೆ ಮರೀದೆ ಮಡುಗ್ತಳಂತೆ" ಅಂತ ನಕ್ಕರು. "ಅಲ್ಲಿ ಸತ್ತೋರ ಲೆಕ್ಕ ಆದೆ. ಇಲ್ಲಿ ಅವ್ರೊಬ್ರೇ ನಂಗೆ. ಈಗ ನೀನ್ ಬಂದು ಬ್ಯಾರೆ ಗುಡ್ಡೆ ಅಂತೀಯಲ್ಲಪ್ಪ. ಒಸಿ ಯೋಚ್ನೆ ಮಾಡ್ತೀನಿ, ನಾಳೀಕ್ ಬಾ."

ಅಯ್ಯೋ ಶಿವನೇ, ಬಾಯಿ ಮುಚ್ಚಿಕೊಂಡು ಚೀಟಿ ತುಂಬಿದ್ದರೆ ಆಗುತ್ತಿರಲಿಲ್ಲವೇ ಅನ್ನಿಸಿತು. ಆ ಕಲಮು ಬಿಟ್ಟು ಉಳಿದದ್ದು ತುಂಬಿ ಎದ್ದೆ.

ಮಾರನೆಯ ದಿನ ಮಧ್ಯಾಹ್ನ ಶಾಲೆಯಿಂದ ಹೊರಟವನನ್ನು ಬಸ್ ಸ್ಟ್ಯಾಂಡಿನ ಹತ್ತಿರ ಜಟಕಾ ಸಾಹೇಬರು ಅಡ್ಡಹಾಕಿದರು. "ಹತ್ತಿ ಮೇಷ್ಟ್ರೇ, ನಿಮ್ ಬೀದೀಗೇ ಬಿಡ್ತೀನಿ" ಅಂತ ಬಲವಂತ ಮಾಡಿ ಕೂರಿಸಿಕೊಂಡರು. ಅವರ ಕಾಲು ಊದಿಕೊಂಡಿತ್ತು, ಚಪ್ಪಲಿಯ ಪಟ್ಟಿ ಬಿಚ್ಚಿ ಹಾಕಿಕೊಂಡಿದ್ದರು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ತಿರುಗದೆ ಮಾತಾಡಿದರು.

"ನಮ್ಮ ಮನೆಯೋಳ ಚೀಟೀಲಿ ಹಿಂದೂ ಅಂತ ಬರ್ದ್ಬಿಡಿ ಸಾಬ್."

"ಅದನ್ನ ಅಮ್ಮನೇ ಹೇಳಬೇಕು, ಸಾಹೇಬ್ರೇ."

"ಅವ್ಳು ಏಳಲ್ಲ. ನನ್ ಮುಖ ನೋಡ್ತಾಳೆ. ಅದಕ್ಕೇ ನಾನ್ ಏಳ್ತಿರೋದು. ನಾನಂದೆ ಅಂತ ಮಾತ್ರ ಅವ್ಳಿಗೆ ಏಳ್ಬೇಡಿ."

ಯಾಕೆ ಅಂತ ಕೇಳಿದರೆ ಕುದುರೆಯನ್ನು ಗದರಿಸಿದರು. ಬೀದಿಯ ತುದಿಯಲ್ಲಿ ಇಳಿಸಿ ಹೊರಟುಹೋದರು.

ಮುದುಕಿ ಕಾದು ಕೂತಿದ್ದರು. "ಬಾ ಮಗ. ಮುಸ್ಲಿಂ ಅಂತ ಬರ್ಕೊಬುಡು. ಅದು ದೊಡ್ ಗುಡ್ಡೆ ಅಂದ್ಯಲ್ಲ, ನಾನೊಬ್ಳು ಸೇರುದ್ರೆ ಜಾಗ ಇರಾಕಿಲ್ವಾ?"

"ಜಾಗದ ಪ್ರಶ್ನೆ ಅಲ್ಲ ಅಮ್ಮ. ನಿಮ್ಮ ಧರ್ಮ ಯಾವುದು ಅಂತ."

"ಅವ್ರ್ ಜೊತೇಲಿ ರೋಜಾ ಇರ್ತೀನಿ. ಅವ್ರ್ ಉಪಾಸ ಇರೋವಾಗ ನನ್ ಗಂಟ್ಲಲ್ಲಿ ರಾಗಿ ಇಟ್ಟು ಎಂಗಪ್ಪ ಇಳ್ದಾತು? ಸೋಮಾರ ನಾನ್ ಒಪ್ಪತ್ತು ಇದ್ರೆ ಅವ್ರೂ ಅವಲಕ್ಕಿ ತಿಂದು ಇರ್ತಾರೆ. ಇದು ಯಾವ್ ಧರ್ಮ ಅಂತ ಓದ್ದೋನು ನೀನೇ ಏಳು. ನಂಗೆ ಬೇಕಾಗಿರಾದು ಒಂದೇ. ಅವ್ರ ಚೀಟಿ ಎಲ್ಲಿ ಓಯ್ತದೋ ನಂದೂ ಅಲ್ಲಿಗೇ ಓಗ್ಲಿ. ನಾನ್ ಇಂಗಂದೆ ಅಂತ ಅವ್ರಿಗೆ ಏಳ್ಬ್ಯಾಡ, ಬಯ್ತಾರೆ."

ನಿಯಮದ ಪ್ರಕಾರ ಅಲ್ಲಿಗೆ ಕೆಲಸ ಮುಗಿಯಿತು. ಅವರ ಬಾಯಿಂದ ಉತ್ತರ ಬಂತು, ಬರೆಯಬೇಕು, ಏಳಬೇಕು. ಪೆನ್ನು ತೆಗೆದೆ. ಕೈ ಓಡಲಿಲ್ಲ. ನಾನು ಕೇಳಿದ್ದು ಒಂದು, ಅವರು ಉತ್ತರ ಕೊಟ್ಟದ್ದು ಇನ್ನೊಂದಕ್ಕೆ. ಗಂಡನಿಂದ ತಮ್ಮನ್ನು ಬೇರೆ ಮಾಡುತ್ತಾರಲ್ಲ ಅನ್ನುವ ದಿಗಿಲಿಗೆ ಕೊಟ್ಟ ಉತ್ತರ ಅದು. ಗಂಡ ನೋಡಿದರೆ ಹಿಂದೂ ಅಂತ ಬರೆಸಲು ಜಟಕಾ ಹತ್ತಿಸಿಕೊಂಡು ಬಂದವರು. ಇಬ್ಬರೂ, ಇನ್ನೊಬ್ಬರಿಗೆ ಹೇಳಬೇಡಿ ಅಂತ ನನ್ನ ಬಾಯಿಗೆ ಬೀಗ ಹಾಕಿದ್ದರು. ನನ್ನಂಥ ವಾಚಾಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕೇ?

ಅವರು ಹೇಳಿದ್ದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ತಿಂಗಳು ಮುಗಿದ ಮೇಲೆ ಮತ್ತೊಮ್ಮೆ ಬರುತ್ತೇನೆ, ಅಷ್ಟರಲ್ಲಿ ಮನಸ್ಸು ಬದಲಾದರೆ ಹೇಳಿ ಅಂದೆ. ಬದಲಾಗಾಕಿಲ್ಲ ಕನ, ಅಂದರು.

ಅಷ್ಟರಲ್ಲಿ ನಮ್ಮ ಸೂಪರ್‌ವೈಸರ್ ತಪಾಸಣೆಗೆ ಬಂದರು. ಪಾಂಡವಪುರದ ಕಡೆಯವರು, ಒಳ್ಳೆಯ ಮನುಷ್ಯರೇ. ಆದರೆ ಕಾಗದ ಚೊಕ್ಕಟವಾಗಿರದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಶಾಲೆಯ ವರಾಂಡದಲ್ಲಿ ಕೂತು ಕಟ್ಟು ತಿರುವುತ್ತಾ ಬಂದವರು ಆ ಮನೆಯ ಹತ್ತಿರ ನಿಂತರು.

"ಏನ್ರೀ ಮೇಷ್ಟ್ರೇ ಇದು ಪೆನ್ಸಿಲು? ಯಜಮಾನ ಮುಸ್ಲಿಂ ತಾನೆ? ಇವರದೂ ಅದೇ ಹಾಕಿ ಮುಗಿಸ್ರಿ."

ನಾನು ವಿಷಯ ಪೂರ್ತಿ ಬಿಡಿಸದೆ, ಆಕೆ ಹಿಂದೂ ಅನ್ನಬಹುದು, ಇನ್ನೂ ಗಟ್ಟಿಯಾಗಿಲ್ಲ ಅಂದೆ.

"ಹಿಂದೂ ಆದರೆ ಎರಡು ಕುಟುಂಬ ಮಾಡಿ. ಅವರಿಗೊಂದು ಹಾಳೆ, ಇವರಿಗೊಂದು ಹಾಳೆ. ಒಂದೇ ಹಾಳೇಲಿ ಎರಡು ಧರ್ಮ ಇದ್ದರೆ ನಾಳೆ ಮೇಲಿನವರು ನನ್ನ ಕುತ್ತಿಗೆ ಹಿಡೀತಾರೆ."

ನನ್ನ ಸಿಟ್ಟು ಮೂಗಿನ ತುದಿಯಿಂದ ಬಾಯಿಗೆ ಬಂತು. "ಸಾರ್, ಒಂದೇ ಒಲೆ. ಅವರೆಕಾಳು ಸಾರು ಒಂದೇ ಗಡಿಗೇಲಿ ಬೇಯ್ತದೆ. ಬೇಕಾದರೆ ಬಂದು ಉಂಡು ನೋಡಿ. ಎರಡು ಹಾಳೆ ಮಾಡಬೇಕಾದರೆ ನಾನು ಆ ಮನೇಲಿ ಇನ್ನೊಂದು ಒಲೆ ಕಟ್ಟಿಕೊಟ್ಟು ಬರಬೇಕು!"

"ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ" ಅಂತ ಗೊಣಗಿದರು. ಸೂಚನಾ ಪುಸ್ತಕ ತೆಗೆದು ಅವರ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು, ಒಲೆಯ ಮಾತನ್ನೂ ಒಬ್ಬೊಬ್ಬರನ್ನೂ ಕೇಳಿ ಅನ್ನುವ ಮಾತನ್ನೂ ಎರಡೆರಡು ಸಲ ಓದಿದರು. "ಸರಿ. ಪೆನ್ಸಿಲು ಮಾತ್ರ ಇರಕೂಡದು. ಮರುಭೇಟಿಯಲ್ಲಿ ಇಂಕಿನಲ್ಲಿ ಬರ್ಕೊಂಡು ಬನ್ನಿ" ಅಂದು ಸೈಕಲ್ ಹತ್ತಿದರು.

ಜನಗಣತಿಗೆ ಒಂದು ಗಳಿಗೆ ಗೊತ್ತು ಮಾಡಿರುತ್ತಾರೆ. ಆ ಸಲ ಅದು ಮಾರ್ಚ್ ಒಂದರ ಸೂರ್ಯೋದಯ. ಆ ಹೊತ್ತಿಗೆ ಯಾರು ಉಸಿರಾಡುತ್ತಿದ್ದರೋ ಅವರು ಲೆಕ್ಕಕ್ಕೆ. ಅದಕ್ಕೆ ಮೊದಲು ಹೋದವರ ಚೀಟಿ ಹೊಡೆದುಹಾಕಬೇಕು, ಹುಟ್ಟಿದ ಕೂಸಿಗೆ ಹೊಸ ಚೀಟಿ ಬರೆಯಬೇಕು. ಅದಕ್ಕಾಗಿ ಮಾರ್ಚ್ ಮೊದಲ ದಿನಗಳಲ್ಲಿ ಮತ್ತೆ ಮನೆ ಮನೆ ಸುತ್ತುತ್ತೇವೆ. ಆ ಮನೆಗೆ ಯಾವಾಗ ಹೋಗಬೇಕು, ಹೇಗೆ ಕೇಳಬೇಕು ಅಂತ ನಾನು ಅಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಒಬ್ಬರಿಲ್ಲದಾಗ ಒಬ್ಬರನ್ನು ಕೇಳುವುದು ಸಾಕು. ಇಬ್ಬರೂ ಇದ್ದಾಗ, ಇಬ್ಬರೆದುರೇ ಕೇಳುತ್ತೇನೆ. ಆಮೇಲೆ ಏನಾದರೂ ಆಗಲಿ.

ಸಾಹೇಬರು ಜಟಕಾ ಕಟ್ಟುವ ಮೊದಲೇ ಬೆಳಗ್ಗೆ ಹೋದೆ. ಇಬ್ಬರೂ ಜಗಲಿ ಮೇಲಿದ್ದರು. ಆಕೆ ಗಂಡನ ಊದಿದ ಕಾಲಿಗೆ ಬಿಸಿ ಮಾಡಿದ ಹರಳೆಣ್ಣೆ ತಿಕ್ಕುತ್ತಿದ್ದರು. ನಾನು ಮೊದಲು ಚೀಟಿ ತೆಗೆಯಲಿಲ್ಲ, ದೊಡ್ಡ ಹಾಳೆಯನ್ನೇ ಬಿಡಿಸಿ ಮುಂದೆ ಹಾಸಿದೆ.

"ಅಮ್ಮ, ಅವತ್ತು ನಾನು ಅರ್ಧ ಪಾಠ ಹೇಳಿದ್ದೆ. ಗುಡ್ಡೆ ಮಾಡೋದು ಚೀಟಿಗಳನ್ನ. ಇದು ಮನೆ ಹಾಳೆ. ಇದನ್ನ ಯಾರೂ ಹರಿದು ಬೇರೆ ಮಾಡಲ್ಲ. ಇಲ್ಲಿ ಮೇಲಿರೋದು ಸಾಹೇಬ್ರ ಹೆಸರು. ಅದರ ಕೆಳಗೆ ನಿಮ್ಮದು, ಹೆಂಡತಿ ಅಂತ ಬರ್ದಿದೆ. ಕೊನೇಲಿ ಒಟ್ಟು ಇಬ್ಬರು ಅಂತ ಇದೆ. ನಿಮ್ಮ ಚೀಟಿ ಯಾವ ಗುಡ್ಡೆಗೆ ಬೇಕಾದರೂ ಹೋಗಲಿ, ಇದು ಹಿಂಗೇ ಇರ್ತದೆ. ಈಗ ಹೇಳಿ, ನಿಮ್ಮ ಧರ್ಮ ಯಾವುದು?"

ಅವರು ಗಂಡನ ಮುಖ ನೋಡಿದರು. ಗಂಡ ಕುದುರೆಯ ಕಡೆ ನೋಡಿದರು.

"ನನ್ಯಾಕ್ ನೋಡ್ತೀಯೆ? ನಾನು ಮೇಷ್ಟ್ರಿಗೆ ಅವತ್ತೇ ಏಳಿದ್ದೀನಿ" ಅಂದುಬಿಟ್ಟರು ಸಾಹೇಬರು. ನನಗೆ ಬೀಗ ಹಾಕಿದವರು ತಾವೇ ಬಿಚ್ಚಿಕೊಂಡರು.

"ಏನಂತ ಏಳುದ್ರಿ?"

"ಹಿಂದೂ ಅಂತ."

ಎಣ್ಣೆಯ ಬಟ್ಟಲು ಠಣ್ ಅಂತ ನೆಲಕ್ಕೆ ಕೂತಿತು. "ನನ್ ಕೇಳ್ದೆ ನೀವ್ಯಾರು ಏಳಾಕೆ? ಈ ವಯಸ್ನಲ್ಲಿ ನನ್ನ ಆಚಿಕ್ ಆಕ್ತೀರಾ? ನಾನು ಮುಸ್ಲಿಂ ಅಂತ ಬರ್ಸಿವ್ನಿ, ಗೊತ್ತಾ?"

ಸಾಹೇಬರು ಗಾಬರಿಯಾಗಿ ನನ್ನ ಕಡೆ ತಿರುಗಿದರು. "ಹೌದಾ ಮೇಷ್ಟ್ರೇ?" ನಾನು ಪೆನ್ನಿನ ಮುಚ್ಚಳ ನೋಡುತ್ತಾ ಕೂತೆ. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಅನ್ನುತ್ತಾರಲ್ಲ, ಅಷ್ಟು ವಯಸ್ಸಾದ ಮೇಲೂ ಹೊಸ ಮದುವೆಯವರ ಹಾಗೆ ಕಾದಾಡುತ್ತಿದ್ದರು. ನಗು ಬರುತ್ತಿತ್ತು, ನಗುವ ಧೈರ್ಯ ಇರಲಿಲ್ಲ.

ಸಾಹೇಬರು ಕಾಲು ಕೆಳಗಿಳಿಸಿ ನೆಟ್ಟಗೆ ಕೂತರು. ದನಿ ಕುಗ್ಗಿತ್ತು. "ಆಚಿಕ್ ಆಕೋ ಮಾತಲ್ಲ ಕಣೇ. ನಿಂಗೆ ಊರ್ ಬಿಡಿಸ್ದೆ. ಅಣ್ಣ ಅತ್ತಿಗೇನ್ ಬಿಡಿಸ್ದೆ. ನಿಮ್ಮವ್ವ ಸತ್ತಾಗ ಮುಖ ನೋಡೋಕೂ ಆಗ್ದಂಗೆ ಮಾಡ್ದೆ. ನಾಳೆ ಖುದಾ ಮುಂದೆ ನಿಂತಾಗ ಇದಕ್ಕೆಲ್ಲ ಏನೋ ಒಂದು ಜವಾಬು ಏಳ್ತೀನಿ. ಆದ್ರೆ ದೇವ್ರನ್ನೂ ಬಿಡಿಸ್ದೆಯಾ ಅಂತ ಅವನು ಕೇಳಿದ್ರೆ ನನ್ ಹತ್ರ ಜವಾಬಿಲ್ಲ."

ಮುದುಕಿಯ ಕಣ್ಣು ತುಂಬಿ ಬಂತು, ಸೆರಗಿನಲ್ಲಿ ಒರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಆಕೆ ಮತ್ತೆ ಬಟ್ಟಲು ಎತ್ತಿಕೊಂಡು ಗಂಡನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡರು. ತಿಕ್ಕುತ್ತಲೇ ಕೇಳಿದರು:

"ಆ ದೊಡ್ ಕಾಗ್ದ ಅರಿಯಾಕಿಲ್ಲ ತಾನೆ ಮಗ?"

"ಇಲ್ಲಮ್ಮ."

"ಒಟ್ಟು ಇಬ್ರು ಅಂತ್ಲೇ ಇರ್ತದಾ?"

"ಹಂಗೇ ಇರ್ತದೆ."

"ಅಂಗಾದ್ರೆ ಹಿಂದೂ ಅಂತ ಬರ್ಕೊ." ಗಂಡನ ಕಡೆ ನೋಡಿ, "ಆಯ್ತಾ? ಈಗಾರ ನಿಂಗೆ ನಿದ್ದೆ ಬತ್ತದಾ?" ಅಂದರು. ಅವರು ಗಂಡನನ್ನು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸಾಹೇಬರು ತಲೆ ಬಗ್ಗಿಸಿ ಗಡ್ಡದೊಳಗೇ ನಕ್ಕರು.

ಪೆನ್ಸಿಲು ಅಳಿಸಿ ಇಂಕಿನಲ್ಲಿ ಬರೆದೆ. ಹಾಳೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದು ನಿಂತಾಗ ಸಾಹೇಬರು, "ಮತ್ತೆ ಯಾವಾಗ ಸಾಬ್ ಈ ಎಣಿಕೆ?" ಅಂತ ಕೇಳಿದರು. ಇನ್ನು ಹತ್ತು ವರ್ಷಕ್ಕೆ ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುದುರೆ ಗೂಟದ ಹತ್ತಿರ ಕಾಲು ಬದಲಿಸಿತು.

"ಇಬ್ರೂ ಇದ್ರೆ ಬಾ" ಅಂದರು ಆಕೆ. "ಒಬ್ರೇ ಉಳ್ದಿದ್ರೆ ಬರ್ಬ್ಯಾಡ ಮಗ. ಒಟ್ಟು ಒಂದು ಅಂತ ಬರ್ಸಾಕೆ ನಮ್ ಕೈಲಾಗಾಕಿಲ್ಲ."

ಹೂಂ ಅಂದೆ. ಪ್ರತಿ ಮನೆಗೂ ಹೋಗಲೇಬೇಕು ಅನ್ನುವ ನಿಯಮ ನನಗೆ ಗೊತ್ತಿತ್ತು. ಆದರೂ ಹೂಂ ಅಂದೆ.